ನಲ್ಲಿಯ ನೀರೇ ಬೇಕೆನ್ನುವ ಬೆಕ್ಕಿಗೆ ಯಾವ ಕಾರಂಜಿ?

ಬೆಕ್ಕಿಗೆ ನೀರಿನ ಕಾರಂಜಿ, ಅಂದರೆ ಪುಟ್ಟ ಪಂಪಿನಿಂದ ನೀರು ಹರಿಸುವ ಕುಡಿಯುವ ಪಾತ್ರೆ, ಕೊಳ್ಳಲು ಹೊರಟವರು ಪೆಟ್ಟಿಗೆಯ ಮೇಲಿನ ಚಿತ್ರವನ್ನು ಬದಿಗಿಟ್ಟು ಮೊದಲು ಅದರ ಪಂಪನ್ನು ಬಿಚ್ಚಿ ನೋಡಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಪ್ಲಾಸ್ಟಿಕ್, ಸ್ಟೀಲ್, ಪಿಂಗಾಣಿ, ಬ್ಯಾಟರಿ ಮತ್ತು ಸೆನ್ಸರ್ ಇರುವುದು, ಹೀಗೆ ನಾಲ್ಕು ಬಗೆಯ ಕಾರಂಜಿಗಳನ್ನು ಬೆಂಗಳೂರಿನ ನಮ್ಮ ಮನೆಯಲ್ಲಿ ಬಳಸಿ ನೋಡಿದ್ದೇನೆ. ತೀರ್ಪು ಕೊಟ್ಟವನು ನಮ್ಮ ಗುಂಡ. ಐದು ಕೆಜಿ ತೂಗುವ ಗಂಡು ಬೆಕ್ಕು. ಬಟ್ಟಲಿನ ನೀರನ್ನು ಮೂಸಿ, ಅಲ್ಲಿಯೇ ಬಿಟ್ಟು, ಬಚ್ಚಲುಮನೆಯ ನಲ್ಲಿಯ ಕೆಳಗೆ ಹೋಗಿ ಕೂರುವವನು.

ಈ ಹಟವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಮನೆಬೆಕ್ಕಿನ ಪೂರ್ವಜರು ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಒಣ ಸೀಮೆಯ ಕಾಡುಬೆಕ್ಕುಗಳು. ತಿಂದ ಬೇಟೆಯಿಂದಲೇ ಬಹುಪಾಲು ನೀರು ಸಿಗುತ್ತಿದ್ದ ಆ ವಂಶಕ್ಕೆ ಬಾಯಾರಿಕೆ ಕಡಿಮೆ. ಆದರೆ ನಾವು ಹಾಕುವ ಒಣ ಆಹಾರದಲ್ಲಿ ನೀರಿನಂಶ ಶೇ 10ರ ಆಸುಪಾಸು ಮಾತ್ರ. ಒಂದು ಕೆಜಿ ತೂಕಕ್ಕೆ ದಿನಕ್ಕೆ ಸುಮಾರು 50 ಮಿಲಿಲೀಟರ್ ಎಂದರೂ ಗುಂಡನಿಗೆ ಕಾಲು ಲೀಟರ್ ನೀರು ಬೇಕು. ಗಂಡು ಬೆಕ್ಕಿನ ಮೂತ್ರನಾಳ ಬಹಳ ಕಿರಿದು. ಅದು ಕಟ್ಟಿಕೊಂಡರೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು, ತಡವಾದರೆ ಜೀವಕ್ಕೇ ಕುತ್ತು.

ಹೋಲಿಕೆಗೆ ಇಳಿಯುವ ಮುನ್ನ ಬೆಕ್ಕು ನೀರು ಕುಡಿಯುವ ಕ್ರಮವನ್ನು ತಿಳಿದಿರುವುದು ಒಳ್ಳೆಯದು. ಅಮೆರಿಕದ ಸಂಶೋಧಕರು ಅತಿವೇಗದ ಕ್ಯಾಮೆರಾದಲ್ಲಿ ಚಿತ್ರೀಕರಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬೆಕ್ಕು ನಾಯಿಯಂತೆ ನೀರಿನೊಳಕ್ಕೆ ನಾಲಿಗೆ ಇಳಿಸಿ ಮೊಗೆಯುವುದಿಲ್ಲ. ನಾಲಿಗೆಯ ತುದಿಯನ್ನು ನೀರಿನ ಮೈಗೆ ತಾಗಿಸಿ ಸರಕ್ಕನೆ ಮೇಲಕ್ಕೆಳೆಯುತ್ತದೆ. ಜೊತೆಗೆ ಎದ್ದ ನೀರಿನ ಎಳೆ ಕೆಳಕ್ಕೆ ಬೀಳುವ ಮೊದಲೇ ಬಾಯಿ ಮುಚ್ಚುತ್ತದೆ. ಸೆಕೆಂಡಿಗೆ ಹೆಚ್ಚುಕಡಿಮೆ ನಾಲ್ಕು ಬಾರಿ ಹೀಗೆ ನಡೆಯುತ್ತದೆ. ಇದನ್ನು ತಿಳಿದ ಮೇಲೆ ನನಗೆ ಗುಂಡನ ನಡವಳಿಕೆ ಅರ್ಥವಾಯಿತು. ಅವನಿಗೆ ನಾಲಿಗೆ ತಾಗಿಸಲು ನಿಧಾನವಾಗಿ ಹರಿಯುವ ಸಮತಟ್ಟಾದ ನೀರು ಬೇಕು. ಚಿಮ್ಮಿ ಮೂಗಿಗೆ ಸಿಡಿಯುವ ನೀರು ಬೇಡ.

ಮೊದಲು ತಂದದ್ದು ಹೂವಿನಾಕಾರದ ಪ್ಲಾಸ್ಟಿಕ್ ಕಾರಂಜಿ. ಬೆಲೆ ಎಲ್ಲಕ್ಕಿಂತ ಕಡಿಮೆ, ಎತ್ತಿಡಲು ಹಗುರ, ನೀರೂ ಧಾರಾಳವಾಗಿ ಹಿಡಿಯುತ್ತದೆ. ಹೂವಿನ ಎಸಳನ್ನು ತೆಗೆದು ನೀರು ಗುಮ್ಮಟದ ಮೇಲೆ ತೆಳುವಾಗಿ ಹರಿಯುವಂತೆ ಮಾಡಿದ ಮೇಲೆ ಗುಂಡ ಚೆನ್ನಾಗಿಯೇ ಕುಡಿದ. ತೊಂದರೆ ಶುರುವಾದದ್ದು ಆಮೇಲೆ. ಪ್ಲಾಸ್ಟಿಕ್ಕಿನ ಮೈ ಉಜ್ಜಿದಂತೆಲ್ಲ ಗೀರು ಬೀಳುತ್ತದೆ, ಆ ಗೀರುಗಳಲ್ಲಿ ಲೋಳೆ ಕೂರುತ್ತದೆ. ಬೆರಳಾಡಿಸಿದರೆ ಜಾರುವ ಆ ಲೋಳೆ ಸೂಕ್ಷ್ಮಜೀವಿಗಳ ಪದರ. ಕೆಲವು ಬೆಕ್ಕುಗಳ ಗಲ್ಲದ ಮೇಲೆ ಏಳುವ ಕಪ್ಪು ಚುಕ್ಕೆಗಳಿಗೂ ಪ್ಲಾಸ್ಟಿಕ್ ಪಾತ್ರೆಗೂ ನಂಟಿದೆ ಎಂದು ಪಶುವೈದ್ಯರು ಎಚ್ಚರಿಸುತ್ತಾರೆ. ಗುಂಡನ ಗಲ್ಲದ ಮೇಲೂ ಚುಕ್ಕೆಗಳು ಕಾಣಿಸಿದಾಗ ಅದನ್ನು ತೆಗೆದಿಟ್ಟೆ.

ಸೆನ್ಸರ್ ಇರುವ ಬ್ಯಾಟರಿ ಕಾರಂಜಿ ಕಾಗದದ ಮೇಲೆ ಎಲ್ಲಕ್ಕಿಂತ ಜಾಣ. ತಂತಿಯಿಲ್ಲ, ಕರೆಂಟು ಹೋದರೂ ನಿಲ್ಲುವುದಿಲ್ಲ, ಬೆಕ್ಕು ಹತ್ತಿರ ಬಂದಾಗ ಮಾತ್ರ ಹರಿಯುತ್ತದೆ. ಆದರೆ ಅಂಜುವ ಬೆಕ್ಕಿಗೆ ಇದನ್ನು ನಾನು ಖಂಡಿತ ಹೇಳುವುದಿಲ್ಲ. ಗುಂಡ ಮೆಲ್ಲನೆ ಬಂದು ಕತ್ತು ಚಾಚುವ ಹೊತ್ತಿಗೆ ಸರಿಯಾಗಿ ನೀರು ಎದ್ದಿತು, ಅವನು ಬೆಚ್ಚಿ ಮಂಚದಡಿ ಸೇರಿದ. ಸದಾ ಹರಿಯುವಂತೆ ಬದಲಿಸಿದರೆ ಬ್ಯಾಟರಿ ಬೇಗ ಇಳಿಯುತ್ತದೆ, ಹೆಚ್ಚು ಹಣ ಕೊಟ್ಟದ್ದಕ್ಕೆ ಅರ್ಥವಿಲ್ಲ.

ನಿಜವಾದ ಪೈಪೋಟಿ ಪಿಂಗಾಣಿ ಮತ್ತು ಸ್ಟೀಲ್ ನಡುವೆ. ಪಿಂಗಾಣಿಯದು ನೋಡಲು ಚೆಂದ, ಭಾರವಾದ್ದರಿಂದ ಬೆಕ್ಕು ತಳ್ಳಿದರೂ ಜರುಗದು, ಗಾಜಿನಂಥ ಮೈಗೆ ಲೋಳೆ ಸುಲಭವಾಗಿ ಅಂಟದು. ತುಂಬಿದ ಪಾತ್ರೆಯನ್ನು ಸಿಂಕಿಗೆ ಹೊತ್ತೊಯ್ಯುವಾಗ ಮಾತ್ರ ಆ ಭಾರವೇ ಕಾಟ. ಅಮ್ಮನಿಗೆ ಅದನ್ನು ಎತ್ತಲಾಗುತ್ತಿರಲಿಲ್ಲ. ನಾನು ಊರಿಗೆ ಹೋದಾಗಲೆಲ್ಲ ತೊಳೆಯುವ ಕೆಲಸ ಹಿಂದೆ ಬೀಳುತ್ತಿತ್ತು. ಸ್ಟೀಲಿನದಕ್ಕೆ ಆ ತಾಪತ್ರಯವಿಲ್ಲ. ಅಗಲವಾದ ಸ್ಟೀಲ್ ತಟ್ಟೆಯ ನಡುವಿನಿಂದ ನೀರು ಉಕ್ಕಿ ಅಂಚಿನವರೆಗೆ ಹರಡುತ್ತದೆ. ತಟ್ಟೆಯನ್ನು ಮನೆಯ ಉಳಿದ ಪಾತ್ರೆಗಳ ಜೊತೆಗೇ ತೊಳೆಯಬಹುದು. ನೀರು ಕಡಿಮೆಯಾದಾಗ ಗುರ್ರೆನ್ನುತ್ತದೆ ಎನ್ನುವುದೊಂದೇ ನನ್ನ ದೂರು. ಆ ಸದ್ದು ಕೇಳಿದ ಕೂಡಲೇ ನೀರು ತುಂಬಬೇಕು, ಒಣಗಿ ಓಡಿದರೆ ಪಂಪು ಸುಟ್ಟುಹೋಗುತ್ತದೆ. ಕೊಳ್ಳುವಾಗ ಮೇಲಿನ ತಟ್ಟೆಯಷ್ಟೇ ಸ್ಟೀಲಾಗಿ ಒಳಗಿನ ತೊಟ್ಟಿ ಪ್ಲಾಸ್ಟಿಕ್ಕಿನದಿರುವವೂ ಉಂಟು, ನೋಡಿಕೊಳ್ಳಿ.

ಪಾತ್ರೆ ಯಾವುದೇ ಇರಲಿ, ಪಂಪಿನ ಒಳಗು ಒಂದೇ. ಪುಟ್ಟ ಮುಚ್ಚಳವನ್ನು ಉಗುರಿನಿಂದ ಎಬ್ಬಿಸಿದರೆ ಆಯಸ್ಕಾಂತಕ್ಕೆ ಕೂಡಿಸಿದ ರೆಕ್ಕೆಚಕ್ರ ಕೈಗೆ ಬರುತ್ತದೆ. ಅದರ ಕಡ್ಡಿಗೆ ಬೆಕ್ಕಿನ ಕೂದಲು ದಾರದಂತೆ ಸುತ್ತಿಕೊಂಡಿರುತ್ತದೆ. ಪಂಪು ಕೆಟ್ಟಿತೆಂದು ಎಸೆಯುವ ಮೊದಲು ಅದನ್ನು ಬಿಡಿಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಗೂಡನ್ನು ಉಜ್ಜಿ ನೋಡಿ. ಈ ಮುಚ್ಚಳವೇ ತೆರೆಯದಂಥ ಪಂಪು ಇದ್ದರೆ ಆ ಕಾರಂಜಿ ಬೇಡ. ನಮ್ಮ ಬೋರ್‌ವೆಲ್ ನೀರಿನ ಗಡಸುತನಕ್ಕೆ ಬಿಳಿ ಪದರ ಬೇಗ ಕಟ್ಟುತ್ತದೆ. ಫಿಲ್ಟರಿನ ಇದ್ದಿಲು ವಾಸನೆಯನ್ನು ಹೀರುತ್ತದೆಯೇ ಹೊರತು ಈ ಸುಣ್ಣವನ್ನು ತಡೆಯುವುದಿಲ್ಲ. ನೀರು ಬೆರೆಸಿದ ವಿನೆಗರಿನಲ್ಲಿ ಸ್ವಲ್ಪ ಹೊತ್ತು ನೆನೆಸಿಟ್ಟು ಚೆನ್ನಾಗಿ ತೊಳೆದರೆ ಪದರ ಬಿಡುತ್ತದೆ. ನಿಂಬೆರಸವೂ ಬಿಡಿಸುತ್ತದೆ, ಆದರೆ ನಿಂಬೆಯ ವಾಸನೆ ಉಳಿದರೆ ಬೆಕ್ಕು ಹತ್ತಿರ ಸುಳಿಯುವುದಿಲ್ಲ. ವಾರಕ್ಕೊಮ್ಮೆ ಪೂರ್ತಿ ಬಿಚ್ಚಿ ತೊಳೆಯುವುದು ನಮ್ಮ ಮನೆಯ ರೂಢಿ.

ಕೊನೆಗೆ ಉಳಿದದ್ದು ಸ್ಟೀಲಿನದೇ. ಅದರ ಪಕ್ಕದ ಕೋಣೆಯಲ್ಲಿ ಅಗಲ ಬಾಯಿಯ ಸ್ಟೀಲ್ ಬಟ್ಟಲೊಂದರಲ್ಲಿ ನಿಂತ ನೀರನ್ನೂ ಇಡುತ್ತೇನೆ. ಕರೆಂಟು ಹೋದಾಗ ಅದು ಬೇಕು. ಎಲ್ಲ ಬೆಕ್ಕುಗಳಿಗೂ ಹರಿಯುವ ನೀರು ಹಿಡಿಸುತ್ತದೆ ಎನ್ನುವಂತೆಯೂ ಇಲ್ಲ. ಪ್ರತಿ ಬೆಕ್ಕಿನ ಒಲವು ಬೇರೆ. ನಿಮ್ಮ ಬೆಕ್ಕು ಎಷ್ಟು ಕುಡಿಯುತ್ತದೆ ಎಂದು ತಿಳಿಯಲು ಬೆಳಗ್ಗೆ ಅಳತೆಯ ಲೋಟದಲ್ಲಿ ಅಳೆದು ತುಂಬಿ, ಮರುದಿನ ಉಳಿದದ್ದನ್ನು ಅಳೆಯಿರಿ. ಕಾರಂಜಿಯಿಂದ ಸ್ವಲ್ಪ ನೀರು ಆವಿಯಾಗಿಯೂ ಹೋಗುತ್ತದೆ, ಆದ್ದರಿಂದ ಬೆಕ್ಕಿಗೆ ಸಿಗದಂತೆ ಒಂದು ದಿನ ಓಡಿಸಿ ಆ ಇಳಿತವನ್ನು ಕಳೆಯಬೇಕು. ಬೆಕ್ಕು ಕಾರಣವಿಲ್ಲದೆ ದಿನದಿಂದ ದಿನಕ್ಕೆ ಹೆಚ್ಚು ಹೆಚ್ಚು ಕುಡಿಯತೊಡಗಿದರೆ ಕಾರಂಜಿ ಹಿಡಿಸಿತೆಂದು ಸುಮ್ಮನಿರಬೇಡಿ. ಮೂತ್ರಪಿಂಡದ ಕಾಯಿಲೆಯೂ ಮಧುಮೇಹವೂ ಹೀಗೆಯೇ ಕಾಣಿಸಿಕೊಳ್ಳುತ್ತವೆ. ಆ ಅಳತೆಗಳನ್ನು ಬರೆದಿಟ್ಟುಕೊಂಡು ಪಶುವೈದ್ಯರಿಗೆ ತೋರಿಸಿ.