ಋತುಬಂಧಕ್ಕೆ ಮುಂಚಿನ ವರ್ಷಗಳಲ್ಲಿ ಆನ್‌ಲೈನ್ ವೈದ್ಯರು: ದೀರ್ಘ ಬಳಕೆಯ ನಂತರದ ಅಭಿಪ್ರಾಯ

ನಾನು ಶಿಡ್ಲಘಟ್ಟದ ಶಿಕ್ಷಕಿ, ವಯಸ್ಸು ನಲವತ್ತೇಳು. ಮುಟ್ಟು ನಿಲ್ಲುವ ಮುಂಚಿನ ತೊಂದರೆಗಳಿಗಾಗಿ ಎರಡು ವರ್ಷಕ್ಕೂ ಮಿಗಿಲಾಗಿ ವಿಡಿಯೋ ಕರೆಯ ಮೂಲಕವೇ ಸ್ತ್ರೀರೋಗ ತಜ್ಞೆಯೊಬ್ಬರ ಸಲಹೆ ಪಡೆಯುತ್ತಿದ್ದೇನೆ. ಮಾತಿನಲ್ಲಿ ಬಗೆಹರಿಯುವುದಕ್ಕೆ ಈ ಸೇವೆ ಬಹಳ ಚೆನ್ನಾಗಿದೆ. ಪರೀಕ್ಷೆ ಮಾಡಿಯೇ ತಿಳಿಯಬೇಕಾದದ್ದಕ್ಕೆ ಸಾಲದು. ಆ ಗಡಿ ಬಂದಾಗ ತಾವಾಗಿಯೇ ನಿಲ್ಲಿಸಿ ನಮ್ಮನ್ನು ಆಸ್ಪತ್ರೆಗೆ ಕಳಿಸುವ ವೈದ್ಯರು ಸಿಕ್ಕಿದರೆ ಮಾತ್ರ ಕೊಟ್ಟ ಶುಲ್ಕ ಸಾರ್ಥಕ.

ಸಣ್ಣ ಊರಿನ ಕ್ಲಿನಿಕ್ಕುಗಳಲ್ಲಿ ನಾವು ವೈದ್ಯರೊಂದಿಗೆ ಮಾತನಾಡುತ್ತಿರುವಾಗಲೇ ಮುಂದಿನ ಸರದಿಯವರು ಒಳಗಿನ ಬೆಂಚಿನ ಮೇಲೆ ಕೂತಿರುತ್ತಾರೆ, ಅವರು ನನ್ನ ತರಗತಿಯ ಮಗುವೊಂದರ ತಾಯಿಯೇ ಆಗಿದ್ದರೂ ಆಶ್ಚರ್ಯವಿಲ್ಲ. ರಾತ್ರಿ ಬೆವತು ಎಚ್ಚರವಾಗುವುದನ್ನು ಅಲ್ಲಿ ಹೇಳಬಹುದು, ಆದರೆ ಯೋನಿಯ ಶುಷ್ಕತೆಯನ್ನೋ, ಕಾರಣವಿಲ್ಲದೆ ಮನೆಯವರ ಮೇಲೆ ರೇಗುವುದನ್ನೋ ಹೇಳಲಾಗುವುದಿಲ್ಲ. ಹೇಳಿದರೂ "ವಯಸ್ಸಾಯ್ತಲ್ಲಮ್ಮ, ಇದೆಲ್ಲಾ ಇದ್ದದ್ದೇ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಮನೆಯ ಕೋಣೆಯ ಬಾಗಿಲು ಹಾಕಿಕೊಂಡು, ಕನ್ನಡದಲ್ಲಿ, ಅವಸರವಿಲ್ಲದೆ ಇವೆಲ್ಲವನ್ನೂ ಹೇಳಿಕೊಳ್ಳಲು ಸಾಧ್ಯವಾದದ್ದೇ ನನ್ನ ಪಾಲಿಗೆ ಈ ಸೇವೆಯ ಮೊದಲ ಲಾಭ.

ಆದರೆ ಮೊದಲು ಬಳಸಿದ ಆ್ಯಪ್‌ನಲ್ಲಿ ಹೀಗಿರಲಿಲ್ಲ. ಅಲ್ಲಿನ ವೈದ್ಯರು ನಾಲ್ಕು ಪ್ರಶ್ನೆ ಕೇಳಿ, ಅದೇ ಸಂಸ್ಥೆಯ ಲ್ಯಾಬಿನ ದುಬಾರಿ ಹಾರ್ಮೋನ್ ಪರೀಕ್ಷೆಗಳ ಪ್ಯಾಕೇಜ್ ಬರೆದುಕೊಟ್ಟರು. ಈಗಿನ ವೈದ್ಯರು ಅದರ ಅಗತ್ಯವಿಲ್ಲವೆಂದರು: ನಲವತ್ತೈದು ದಾಟಿದವರಲ್ಲಿ ಲಕ್ಷಣಗಳಿಂದಲೇ ಈ ಹಂತವನ್ನು ಗುರುತಿಸಬಹುದು, ಎಫ್‌ಎಸ್‌ಎಚ್ ಎಂಬ ಹಾರ್ಮೋನ್ ಈ ವರ್ಷಗಳಲ್ಲಿ ಏರಿಳಿಯುತ್ತಲೇ ಇರುವುದರಿಂದ ಒಂದು ದಿನದ ಅಂಕಿಯಿಂದ ಹೆಚ್ಚೇನೂ ತಿಳಿಯದು. ಅದರ ಬದಲು ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿರುವ ಕಬ್ಬಿಣದ ಸಂಗ್ರಹ), ಥೈರಾಯ್ಡ್ ಪರೀಕ್ಷೆ ಮಾಡಿಸಿದರು, ಏಕೆಂದರೆ ಸುಸ್ತು, ನಿದ್ರಾಹೀನತೆ, ಮುಟ್ಟಿನ ಏರುಪೇರು ಥೈರಾಯ್ಡ್ ತೊಂದರೆಯಲ್ಲೂ ಕಾಣಿಸಿಕೊಳ್ಳುತ್ತವೆ.

2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ಔಷಧ ಚೀಟಿಯಲ್ಲಿ ವೈದ್ಯರ ನೋಂದಣಿ ಸಂಖ್ಯೆ ಇರಲೇಬೇಕು. ಮಾದಕ ವಸ್ತುಗಳ ಕಾಯ್ದೆಯ ಪಟ್ಟಿಯಲ್ಲಿರುವ ಔಷಧಗಳನ್ನು ಸಾಮಾನ್ಯವಾಗಿ ಹೀಗೆ ಬರೆಯುವಂತಿಲ್ಲ. ನಿದ್ದೆ ಬರದೆ ಒದ್ದಾಡುವಾಗ ಅಲ್ಪ್ರಾಜೋಲಾಮ್‌ನಂಥ ಮಾತ್ರೆ ಇಲ್ಲಿ ಸಿಗುವುದಿಲ್ಲವೆಂದು ಬೇಸರಪಡುವವರು ಇದನ್ನು ತಿಳಿದಿರಬೇಕು.

ಸೇವೆಯ ನಿಜವಾದ ಪರೀಕ್ಷೆಯಾದದ್ದು ರಕ್ತಸ್ರಾವ ವಿಪರೀತವಾದಾಗ. ಹೊತ್ತಿಗೆ ಮುಂಚೆಯೇ ಮುಟ್ಟಾಗುವುದು, ಹೆಪ್ಪುಗಟ್ಟಿದ ರಕ್ತ ಬೀಳುವುದು, ಶಾಲೆಯಲ್ಲಿ ಒಂದು ಪೀರಿಯಡ್ ಪೂರ್ತಿ ನಿಂತು ಪಾಠ ಮಾಡಲಾಗದ ಸ್ಥಿತಿ. ಅದಕ್ಕೂ ಮುನ್ನ ಬೆವರಿಗೆ ಹಾರ್ಮೋನ್ ಕೊಡುವ ಮಾತು ನಡೆದಿತ್ತು. ಸ್ರಾವದ ಕಾರಣ ತಿಳಿಯದೆ ಹಾರ್ಮೋನ್ ಆರಂಭಿಸುವಂತಿಲ್ಲವೆಂದು ಈಗಿನ ವೈದ್ಯರು ಅದನ್ನು ತಡೆಹಿಡಿದರು. ಗರ್ಭಕೋಶದ ಒಳಪದರದ ದಪ್ಪ ನೋಡಲು ಸ್ಕ್ಯಾನ್ ಆಗಬೇಕು, ಈ ವಯಸ್ಸಿನಲ್ಲಿ ಹೀಗೆ ಸ್ರಾವವಾದರೆ ಪದರದ ತುಣುಕನ್ನೂ ಪರೀಕ್ಷಿಸಬೇಕು, ಇವೆರಡೂ ಫೋನಿನಲ್ಲಿ ಆಗುವ ಕೆಲಸವಲ್ಲ ಎಂದು ಹೇಳಿ, ಚಿಕ್ಕಬಳ್ಳಾಪುರದಲ್ಲಿ ತೋರಿಸಿಕೊಳ್ಳಲು ಸ್ಪಷ್ಟವಾದ ಪತ್ರ ಬರೆದುಕೊಟ್ಟರು. ಸಣ್ಣದೊಂದು ಫೈಬ್ರಾಯ್ಡ್ (ಗರ್ಭಕೋಶದಲ್ಲಿ ಬೆಳೆಯುವ, ಕ್ಯಾನ್ಸರ್ ಅಲ್ಲದ ಗೆಡ್ಡೆ) ಬಿಟ್ಟರೆ ಆತಂಕಪಡುವಂಥದ್ದೇನೂ ಕಾಣಲಿಲ್ಲ. ನಮ್ಮ ಕಡೆ ಇಂಥ ಹೊತ್ತಿನಲ್ಲಿ "ಗರ್ಭಕೋಶ ತೆಗೆಸಿಬಿಡಿ, ನೆಮ್ಮದಿಯಾಗಿರಬಹುದು" ಎನ್ನುವ ಅಕ್ಕಂದಿರಿಗೆ ಕೊರತೆಯಿಲ್ಲ, ನನ್ನ ನಾದಿನಿಯೂ ಅದನ್ನೇ ಹೇಳಿದರು. ಆನ್‌ಲೈನ್ ವೈದ್ಯರು ಮಾತ್ರ ಮಾತ್ರೆ, ಗರ್ಭಕೋಶದೊಳಗೆ ಇಡುವ ಹಾರ್ಮೋನ್ ವಂಕಿ, ಶಸ್ತ್ರಚಿಕಿತ್ಸೆ ಎಲ್ಲದರ ಲಾಭ ನಷ್ಟಗಳನ್ನು ಒಂದೊಂದಾಗಿ ವಿವರಿಸಿದರು. ಲೆವೊನೊರ್ಜೆಸ್ಟ್ರೆಲ್ ಎಂಬ ಹಾರ್ಮೋನ್ ಬಿಡುವ ಆ ವಂಕಿಯನ್ನು ಚಿಕ್ಕಬಳ್ಳಾಪುರದಲ್ಲೇ ಹಾಕಿಸಿಕೊಂಡೆ. ಸ್ರಾವ ನಿಧಾನವಾಗಿ ಹತೋಟಿಗೆ ಬಂತು. ಬೆವರಿಗೆ ಈಸ್ಟ್ರೋಜನ್ ಜೆಲ್ ಶುರುವಾದದ್ದು ಅದರ ನಂತರ. ಗರ್ಭಕೋಶ ಇರುವವರು ಈಸ್ಟ್ರೋಜನ್ ಒಂದನ್ನೇ ಬಳಸಿದರೆ ಒಳಪದರ ಬೆಳೆಯುವ ಅಪಾಯವಿರುವುದರಿಂದ ಜೊತೆಗೆ ಅದನ್ನು ತಡೆಯುವ ಪ್ರೊಜೆಸ್ಟೋಜನ್ ಎಂಬ ಹಾರ್ಮೋನ್ ಬೇಕು, ಆ ಕೆಲಸವನ್ನು ವಂಕಿಯೇ ಮಾಡುತ್ತದೆ ಎಂಬುದು ನನಗೆ ಅರ್ಥವಾದದ್ದು ಇವರ ವಿವರಣೆಯಿಂದ.

ಕೊರತೆಗಳೂ ಇವೆ. ಜೆಲ್ ನಮ್ಮೂರಿನ ಮೆಡಿಕಲ್ ಸ್ಟೋರುಗಳಲ್ಲಿ ಇರುವುದಿಲ್ಲ, ಬೆಂಗಳೂರಿನಿಂದ ತರಿಸಬೇಕು. ಬಿಪಿಯನ್ನು ನಾನೇ ಮನೆಯಲ್ಲಿ ಅಳೆದು ಹೇಳುವುದರಿಂದ ಯಂತ್ರ ಕೊಳ್ಳಬೇಕಾಯಿತು. ಸ್ತನ ಪರೀಕ್ಷೆಗೆ ಹೇಗಿದ್ದರೂ ಆಸ್ಪತ್ರೆಗೆ ಹೋಗಲೇಬೇಕು. ಒಂದು ಭೇಟಿಗೆ 700 ರೂಪಾಯಿ, ವಾರದೊಳಗಿನ ಚಾಟ್ ಉಚಿತವೆಂದು ಬರೆದಿದ್ದರೂ ಚಾಟಿನಲ್ಲಿ ಬರುವುದು ಬಹುಪಾಲು "ಅಪಾಯಿಂಟ್‌ಮೆಂಟ್ ಪಡೆಯಿರಿ" ಎಂಬ ಸಿದ್ಧ ಉತ್ತರ. ಮಳೆ ಬಂದು ಕರೆಂಟು ಹೋದ ಸಂಜೆಗಳಲ್ಲಿ ಕರೆ ನಡುವೆಯೇ ಕಡಿದು ಹೋಗುತ್ತದೆ.

ಹನ್ನೆರಡು ತಿಂಗಳು ಮುಟ್ಟು ನಿಂತು ಮತ್ತೆ ರಕ್ತ ಕಾಣಿಸಿಕೊಂಡವರು, ಎದೆನೋವು ಅಥವಾ ಒಂದೇ ಕಾಲಿನಲ್ಲಿ ಊತ ಬಂದವರು ಯಾವ ಆ್ಯಪನ್ನೂ ತೆರೆಯದೆ ನೇರವಾಗಿ ಆಸ್ಪತ್ರೆಗೆ ಹೋಗಬೇಕು. ಉಳಿದವರು ಪ್ರತಿ ಸಲವೂ ಅದೇ ವೈದ್ಯರು ಸಿಗುತ್ತಾರೆಯೇ ಎಂದು ಹಣ ಕಟ್ಟುವ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ನಾನು ವಾರ್ಷಿಕ ಪ್ಯಾಕೇಜನ್ನು ಈ ವರ್ಷ ನವೀಕರಿಸಿಲ್ಲ. ಈಗ ಭೇಟಿಗೊಮ್ಮೆ ಹಣ ಕೊಡುತ್ತಿದ್ದೇನೆ, ಮೂರು ತಿಂಗಳಿಗೊಂದು ಭೇಟಿಗೆ ಅದೇ ಅಗ್ಗ.