ಪ್ರೋಟೋಕ್: ಬರೆಯುವ ಕೋಡ್ ಚೆನ್ನ, ಪ್ಯಾಕೇಜಿಂಗ್ ತಲೆ ತಿನ್ನುತ್ತೆ

ಪ್ರೋಟೋಬಫ್ ಅಂದ್ರೆ ಪ್ರೋಗ್ರಾಮುಗಳ ನಡುವೆ ಡೇಟಾ ಕಳಿಸುವ, ಸಾಮಾನ್ಯವಾಗಿ ಜೇಸನ್‌ಗಿಂತ ಚಿಕ್ಕದಾದ ಬೈನರಿ ರೂಪ. ಡೇಟಾದ ಆಕಾರ ಬರೆದಿಟ್ಟ ಪ್ರೋಟೋ ಫೈಲನ್ನು ಓದಿ ಬೇರೆ ಬೇರೆ ಭಾಷೆಗಳ ಕೋಡ್ ಬರೆದುಕೊಡುವ ಕಂಪೈಲರ್ರೇ ಪ್ರೋಟೋಕ್; ಈ ವಿಮರ್ಶೆ ಅದರದ್ದು. ಒಂದೇ ಪ್ರೋಟೋ ಫೈಲನ್ನು ಪೈಥಾನ್, ಜಾವಾ, ಗೋ ಮೂರರಲ್ಲೂ ಬಹುಕಾಲ ಬಳಸಿದವರು ಪ್ರೋಟೋಕ್ ಬರೆಯುವ ಕೋಡ್ ಬಗ್ಗೆ ಗೊಣಗೋದು ಕಡಿಮೆ. ಗೊಣಗಾಟವೆಲ್ಲ ಇನ್‌ಸ್ಟಾಲ್ ಮಾಡೋದರ ಬಗ್ಗೆ.

ಕಂಪೈಲರ್ ಒಂದು ಪ್ಯಾಕೇಜ್, ಅದು ಬರೆದ ಕೋಡ್ ಓಡೋಕೆ ಬೇಕಾದ ರನ್‌ಟೈಮ್ ಇನ್ನೊಂದು. ಉಬುಂಟು 22.04ರಲ್ಲಿ ಸಿಸ್ಟಮ್‌ನ ಇನ್‌ಸ್ಟಾಲರ್ ಆಪ್ಟ್ ಕೊಡೋ ಪ್ರೋಟೋಕ್ 3.12.4, ಪೈಥಾನ್‌ನ ಇನ್‌ಸ್ಟಾಲರ್ ಪಿಪ್ ತರೋ ರನ್‌ಟೈಮ್ ಅವತ್ತಿನ ಹೊಸದು. 2022ರ ಮೇ ತಿಂಗಳಲ್ಲಿ ಪೈಥಾನ್ ರನ್‌ಟೈಮ್ 4.21ಕ್ಕೆ ಜಿಗಿದಾಗ, 3.19ಕ್ಕಿಂತ ಹಳೆಯ ಪ್ರೋಟೋಕ್ ಬರೆದ ಫೈಲುಗಳು ಇಂಪೋರ್ಟ್‌ನಲ್ಲೇ ಟೈಪ್ ಎರರ್ ಕೊಟ್ಟು ಮಲಗಿದ್ದು ಇದಕ್ಕೇ. ಎನ್ವಿರಾನ್‌ಮೆಂಟ್ ವೇರಿಯಬಲ್ ಹಾಕಿ ಬರೀ ಪೈಥಾನ್‌ನಲ್ಲಿ ಬರೆದ ರನ್‌ಟೈಮ್‌ಗೆ ಇಳಿಸಿದ್ರೆ ಓಡುತ್ತೆ, ಆದ್ರೆ ಕುಂಟುತ್ತೆ. ಕೋಡನ್ನು ಹೊಸದಾಗಿ ಜನರೇಟ್ ಮಾಡೋದೇ ಮದ್ದು.

ಆವೃತ್ತಿ ಸಂಖ್ಯೆ ಇನ್ನೊಂದು ಗೋಜಲು. ಪ್ರೋಟೋಕ್ 26.1 ಅಂದ್ರೆ ಪೈಥಾನ್‌ನಲ್ಲಿ 5.26.1, ಜಾವಾದಲ್ಲಿ 4.26.1. ಮೊದಲ ಅಂಕಿ ಬಿಟ್ಟು ಉಳಿದದ್ದನ್ನು ಹೋಲಿಸಬೇಕು. ಗೋ ಈ ಲೆಕ್ಕಕ್ಕೇ ಬರಲ್ಲ.

ಪ್ರೋಟೋಕ್‌ನ ರಿಲೀಸ್ ಜಿಪ್ ಬಿಚ್ಚಿ ಬಿನ್ ಒಳಗಿನದನ್ನಷ್ಟೇ ಎತ್ತಿಕೊಂಡ್ರೆ, ಪ್ರೋಟೋಬಫ್ ಜೊತೆಗೇ ಬರುವ ಟೈಮ್‌ಸ್ಟ್ಯಾಂಪ್‌ನಂಥ ಸಿದ್ಧ ಟೈಪ್ ಬಳಸುವ ಮೊದಲ ಫೈಲಿಗೇ 'ಫೈಲ್ ನಾಟ್ ಫೌಂಡ್'. ಪಕ್ಕದ ಇನ್‌ಕ್ಲೂಡ್ ಫೋಲ್ಡರ್ರೂ ಬೇಕು. ಡೆಬಿಯನ್‌ನಲ್ಲಿ ಆ ಫೈಲುಗಳಿರೋದು ಕಂಪೈಲರ್ ಪ್ಯಾಕೇಜಲ್ಲಲ್ಲ, ಲಿಬ್‌ಪ್ರೋಟೋಬಫ್-ಡೆವ್‌ನಲ್ಲಿ!

ಇಷ್ಟೆಲ್ಲ ಬೈದ ಮೇಲೂ ಕೈಬಿಡದಿರೋಕೆ ಕಾರಣ ಪಿಪ್‌ನಿಂದ ಸಿಗುವ ಜಿಆರ್‌ಪಿಸಿಐಒ-ಟೂಲ್ಸ್. ಆ ಒಂದು ವ್ಹೀಲ್‌ನಲ್ಲೇ (ಪೈಥಾನ್‌ನ ಸಿದ್ಧ ಪ್ಯಾಕೇಜ್ ಫೈಲ್) ಕಂಪೈಲರ್ರೂ ಇದೆ, ಟೈಮ್‌ಸ್ಟ್ಯಾಂಪ್ ಬಳಗವೂ ಇದೆ. ರೂಟ್ ಬೇಡ, ಆಪ್ಟ್ ಬೇಡ, ರಿಕ್ವೈರ್‌ಮೆಂಟ್ಸ್ ಫೈಲಿನಲ್ಲಿ ಒಂದು ಸಾಲು ಸಾಕು. ಪ್ಯಾಕೇಜಿನ ಸಂಖ್ಯೆಯೇ ಒಳಗಿನ ಪ್ರೋಟೋಕ್‌ನ ಸಂಖ್ಯೆ ಅಂದುಕೊಳ್ಳಬೇಡಿ. ವರ್ಷನ್ ಕೇಳಿ ನೋಡಿ. ಜಾವಾದವರಿಗೆ ಅವರ ಬಿಲ್ಡ್ ಟೂಲ್ ಮೇವನ್‌ನ ಪ್ಲಗಿನ್ ಅವರವರ ಓಎಸ್‌ಗೆ ತಕ್ಕ ಪ್ರೋಟೋಕ್ ತಾನೇ ಇಳಿಸಿಕೊಡುತ್ತೆ.

ಪ್ರೋಟೋ ಫೈಲಿಗೆ ಫೀಲ್ಡ್ ಸೇರಿಸಿದಾಗಲೆಲ್ಲ ಕೋಡ್ ಜನರೇಟ್ ಮಾಡುವ ಮೇಕ್ ಕಮಾಂಡ್ ಓಡಿಸಿ, ಬದಲಾದದ್ದನ್ನು ತೋರಿಸುವ ಡಿಫ್‌ನಲ್ಲಿ ಮೊದಲು ನೋಡಬೇಕಾದ್ದು ಫೀಲ್ಡನ್ನಲ್ಲ, ಜನರೇಟ್ ಆದ ಫೈಲಿನ ತಲೆಯಲ್ಲಿರುವ ಆವೃತ್ತಿಯ ಕಾಮೆಂಟನ್ನು. ಅದು ಬದಲಾಗಿದ್ರೆ ಯಾರದೋ ಲ್ಯಾಪ್‌ಟಾಪ್‌ನಲ್ಲಿ ಬೇರೆ ಪ್ರೋಟೋಕ್ ಕೂತಿದೆ ಅಂತ. ಮರ್ಜ್ ಅಲ್ಲೇ ನಿಲ್ಲಿಸಿ. ಜನರೇಟ್ ಆದ ಕೋಡ್ ಯಾವತ್ತೂ ರನ್‌ಟೈಮ್‌ಗಿಂತ ಹೊಸದಾಗಿರಬಾರದು. ಹಾಗಾಗಿ ಪ್ರೋಟೋಕ್ 26.1ರಿಂದ ಜನರೇಟ್ ಮಾಡಿ ಹಂಚುವ ಪೈಥಾನ್ ಪ್ಯಾಕೇಜಿನಲ್ಲಿ ಪ್ರೋಟೋಬಫ್ 5.26.1 ಅಥವಾ ಮೇಲೆ, 6ರ ಒಳಗೆ ಅಂತ ಕಟ್ಟಿಹಾಕಿ.

ಪಿಬಿ2 ಫೈಲುಗಳು, ಅಂದ್ರೆ ಪ್ರೋಟೋಕ್ ಬರೆದ ಪೈಥಾನ್ ಫೈಲುಗಳು, ಒಂದನ್ನೊಂದು ಇಂಪೋರ್ಟ್ ಮಾಡೋದು ಪ್ರೋಟೋ ರೂಟ್‌ನಿಂದ ಲೆಕ್ಕ ಹಾಕಿದ ಪಾತ್‌ನಲ್ಲಿ. ಪ್ರೋಟೋ ಫೋಲ್ಡರುಗಳಿಗೆ ಪೈಥಾನ್ ಪ್ಯಾಕೇಜಿನ ಹೆಸರನ್ನೇ ಇಟ್ಟುಬಿಡಿ. ಸೆಡ್ ಹಾಕಿ ಇಂಪೋರ್ಟ್ ತಿದ್ದುವ ಸ್ಕ್ರಿಪ್ಟ್ ಬೇಕಾಗಲ್ಲ.

ಪ್ರೋಟೋ ಫೈಲುಗಳನ್ನು ಒಂದೆಡೆ ಇಟ್ಟು ಹಂಚುವ ಸ್ಕೀಮಾ ರಿಜಿಸ್ಟ್ರಿಯನ್ನು ದುಡ್ಡು ಕೊಟ್ಟು ತಗೋಬೇಕಾ? ನಾಲ್ಕೈದು ಜನರ ತಂಡಕ್ಕೆ ಒಂದು ಗಿಟ್ ರೆಪೋ, ಒಂದು ಮೇಕ್‌ಫೈಲ್ ಧಾರಾಳ. ಐದಕ್ಕೆ ಮೂರೂವರೆ ಸ್ಟಾರ್. ಆಪ್ಟ್‌ನಿಂದಲೇ ಹಾಕಿಕೊಳ್ತೀನಿ ಅನ್ನುವವರಿಗೆ ಎರಡೇ.