ಬೀದರಿನ ಬಿಸಿಲಿಗೆ ಯಾವ ಪೇಪರ್ ನೆಗೆಟಿವ್?

ಫಿಲಂ ಬದಲು ಫೋಟೋ ಪ್ರಿಂಟ್ ಹಾಕುವ ಪೇಪರನ್ನೇ ಕತ್ತರಿಸಿ ಕ್ಯಾಮೆರಾಕ್ಕೆ ತುಂಬಿದರೆ ನೆಗೆಟಿವ್ (ಕಪ್ಪು-ಬಿಳುಪು ತಿರುಗುಮುರುಗಾದ ಚಿತ್ರ) ಸಿಗುತ್ತದೆ. ಕತ್ತರಿಸುವುದು, ತುಂಬುವುದು, ಡೆವಲಪ್ ಮಾಡುವುದು ಎಲ್ಲ ಕೆಂಪು ದೀಪದಲ್ಲೇ ಆಗುತ್ತದೆ. ಚಿತ್ರ ಮೂಡುವುದನ್ನು ಕಣ್ಣಾರೆ ನೋಡಬಹುದು, ಈ ಖುಷಿ ಫಿಲಂನಲ್ಲಿ ಇಲ್ಲ. ಆದರೆ ಯಾವ ಪೇಪರ್? ಗ್ರೇಡ್ 2ರ ಫೈಬರ್ ಪೇಪರ್ (ಕಾಂಟ್ರಾಸ್ಟ್, ಅಂದರೆ ಕಪ್ಪು-ಬಿಳುಪಿನ ಅಂತರ, ಮೊದಲೇ ನಿಗದಿಯಾದ, ಪ್ಲಾಸ್ಟಿಕ್ ಲೇಪವಿಲ್ಲದ ಪೇಪರ್) ಮತ್ತು ಆರ್‌ಸಿ ಮಲ್ಟಿಗ್ರೇಡ್ (ಬೆಳಕಿನ ಬಣ್ಣಕ್ಕೆ ತಕ್ಕಂತೆ ಕಾಂಟ್ರಾಸ್ಟ್ ಬದಲಾಗುವ, ಪ್ಲಾಸ್ಟಿಕ್ ಲೇಪದ ಪೇಪರ್), ಎರಡನ್ನೂ ನನ್ನ ಹಳೆಯ 120 (ಅಗಲ ರೋಲ್ ಫಿಲಂನ) ಕ್ಯಾಮೆರಾದಲ್ಲಿ ಹಾಕಿ ಬೀದರಿನ ಮಹಮೂದ್ ಗವಾನ್ ಮದರಸಾದ ಮುಂದೆ ನಿಂತೆ.

ಗ್ರೇಡ್ ಪೇಪರಿಗೆ ಹೆಚ್ಚುಕಡಿಮೆ ನೀಲಿ ಬೆಳಕು ಮಾತ್ರ ಕಾಣುತ್ತದೆ. 1472ರ ಆ ಕಟ್ಟಡದ ಮೇಲೆ ಅಲ್ಲಲ್ಲಿ ಉಳಿದಿರುವ ಟೈಲ್ಸ್‌ನಲ್ಲಿ ನೀಲಿಯೇ ಜಾಸ್ತಿ. ಪ್ರಿಂಟ್ ಹಾಕಿದಾಗ ನೀಲಿಯೂ ಬೆಳ್ಳಗೆ, ಪಕ್ಕದ ಬಿಳಿಯೂ ಬೆಳ್ಳಗೆ. ಹಳದಿ ಮಾತ್ರ ಕಪ್ಪಾಗಿ ಕೂತಿತ್ತು. ಆಕಾಶ ಖಾಲಿ ಹಾಳೆ. ಕೋಟೆಯ ಕೆಂಪುಕಲ್ಲಿನ ಗೋಡೆಯಂತೂ ಇದ್ದಿಲಿನ ಹಾಗೆ. ಡೆವಲಪರ್‌ಗೆ ಜಾಸ್ತಿ ನೀರು ಬೆರೆಸಿದರೆ ಕಾಂಟ್ರಾಸ್ಟ್ ಸ್ವಲ್ಪ ಇಳಿಯುತ್ತದೆ. ಮೊದಲೇ ಮಂದ ಬೆಳಕನ್ನು ಒಂದು ಕ್ಷಣ ತೋರಿಸಿಟ್ಟರೆ ನೆರಳಿನಲ್ಲೂ ವಿವರ ಸಿಗುತ್ತದೆ. ಬಣ್ಣದ ತೊಂದರೆ ಮಾತ್ರ ಹಾಗೇ ಉಳಿಯುತ್ತದೆ.

ಮಲ್ಟಿಗ್ರೇಡ್‌ಗೆ ನೀಲಿಯ ಜೊತೆ ಹಸಿರೂ ಕಾಣುತ್ತದೆ. ನೀಲಿ ಬೆಳಕು ಬಿದ್ದರೆ ಕಾಂಟ್ರಾಸ್ಟ್ ಏರುತ್ತದೆ, ಹಸಿರು ಬಿದ್ದರೆ ಇಳಿಯುತ್ತದೆ. ಹಾಗಾಗಿ ಲೆನ್ಸಿಗೆ ಹಳದಿ ಫಿಲ್ಟರ್ ಹಾಕಿದರೆ ಒಂದೇ ಏಟಿಗೆ ಎರಡು ಕೆಲಸ: ನೀಲಿ ತಡೆದು ಕಾಂಟ್ರಾಸ್ಟ್ ಹದಕ್ಕೆ ಬರುತ್ತದೆ, ನೀಲಿ ಟೈಲ್ಸ್ ಬಿಳಿಯಿಂದ ಬೇರೆಯಾಗಿ ನಿಲ್ಲುತ್ತದೆ. ಮಿನಾರಿನ ಓರೆ ಪಟ್ಟಿಗಳು ಎಣಿಸುವಷ್ಟು ಸ್ಪಷ್ಟವಾಗಿ ಬಂದವು. ಆಕಾಶಕ್ಕೂ ತೆಳು ಬೂದು ಬಣ್ಣ ಬಂತು. ಇದಕ್ಕೆ ತೆರಬೇಕಾದ ಬೆಲೆ ಸಮಯ. ಫಿಲ್ಟರ್ ಇಲ್ಲದೆ ಪೇಪರಿನ ಬೆಳಕು ಹಿಡಿಯುವ ವೇಗ ಐಎಸ್‌ಒ 6 ಎಂದು ಲೆಕ್ಕ ಹಾಕಿದರೆ ಒಳ್ಳೆ ಬಿಸಿಲಲ್ಲಿ ಎಫ್ 16ಕ್ಕೆ (ಲೆನ್ಸಿನ ಕಿರಿದಾದ ತೆರಪು) ಸುಮಾರು 1/5 ಸೆಕೆಂಡ್ ಸಾಕು. ಫಿಲ್ಟರ್ ಹಾಕಿದರೆ ಒಂದು ಸೆಕೆಂಡಿನ ಹತ್ತಿರ ಹೋಗುತ್ತದೆ. ಟ್ರೈಪಾಡ್ ಬೇಕೇ ಬೇಕು, ಅದಕ್ಕೆ ಮೊದಲೇ ಅನುಮತಿ ಕೇಳಿಕೊಳ್ಳಿ.

ಆಮೇಲೆ ಪ್ರಿಂಟಿನ ಮಾತು. ಫೈಬರ್ ಒಣಗುವಾಗ ಸುರುಳಿ ಸುತ್ತುತ್ತದೆ, ಕಾಂಟ್ಯಾಕ್ಟ್ ಪ್ರಿಂಟ್ ಹಾಕಿದರೆ (ನೆಗೆಟಿವನ್ನು ಇನ್ನೊಂದು ಪೇಪರಿಗೆ ಒತ್ತಿಟ್ಟು ಬೆಳಕು ಹಾಯಿಸಿದರೆ) ಕಾಗದದ ನಾರು ಚಿತ್ರದೊಳಗೆ ಇಣುಕುತ್ತದೆ. ಆರ್‌ಸಿ ಸಪಾಟಾಗಿ ಒಣಗುತ್ತದೆ, ಬೇಗ ತೊಳೆದು ಮುಗಿಯುತ್ತದೆ. ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಕಪ್ಪು-ಬಿಳುಪು ತಿರುಗಿಸುವವರಿಗೆ ಈ ನಾರಿನ ಗೋಜು ಅಷ್ಟಿಲ್ಲ.

ಹೊರಗಿನ ಬಿಸಿಲಿಗೆ ನನ್ನ ಆಯ್ಕೆ ಮಲ್ಟಿಗ್ರೇಡ್, ಅದೂ ಹಳದಿ ಫಿಲ್ಟರಿನ ಜೊತೆಗೇ. ಆದರೆ ಗ್ರೇಡ್ ಪೇಪರನ್ನು ಎಸೆಯಬೇಡಿ. ಕೋಟೆಯೊಳಗಿನ ರಂಗೀನ್ ಮಹಲಿನಲ್ಲಿ ಕಪ್ಪು ಕಲ್ಲಿಗೆ ಮುತ್ತಿನ ಚಿಪ್ಪು ಕೂಡಿಸಿದ ಕೆಲಸವಿದೆ. ಅಂಥ ಮಂದ, ಸಮ ಬೆಳಕಿನಲ್ಲಿ ಗ್ರೇಡ್ ಪೇಪರಿನ ಗಡಸು ಕಾಂಟ್ರಾಸ್ಟೇ ಬೇಕಾಗುತ್ತದೆ. ಅಲ್ಲಿ ಮಲ್ಟಿಗ್ರೇಡ್ ಹಳದಿ ಫಿಲ್ಟರಿನಲ್ಲಿ ಸಪ್ಪೆ.